ಕಾರಿನ ಮೇಲಿನ ಸುತ್ತು ಗೀರು ತೆಗೆದು ಹೊಳಪು ತರಿಸೋದು ಹೇಗೆ: ಕಾರವಾರದ ಮನೆಯಂಗಳದಿಂದ

ಗಾಡಿಯನ್ನು ನೆರಳಲ್ಲಿ ನಿಲ್ಲಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸಂಜೆ ಐದರ ಹೊತ್ತಿಗೆ ಟ್ಯಾಗೋರ್ ಕಡಲತೀರದ ಪಕ್ಕ ನಿಲ್ಲಿಸಿ, ಇಳಿಬಿಸಿಲು ಬಾನೆಟ್ ಮೇಲೆ ಬಿದ್ದಾಗ ನೋಡಿ. ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಸಣ್ಣ ಸಣ್ಣ ಗೀರು ಕಾಣುತ್ತವೆ. ಇದಕ್ಕೇ ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ನಾನು ಸುತ್ತು ಗೀರು ಅಂತಲೇ ಬರೆಯುತ್ತೇನೆ. ಕಪ್ಪು, ಕಡುನೀಲಿ, ಕೆಂಪು ಗಾಡಿಯಲ್ಲಿ ಎದ್ದು ಕಾಣುತ್ತದೆ. ಬಿಳಿ ಗಾಡಿಯಲ್ಲೂ ಇರುತ್ತದೆ, ಕಣ್ಣಿಗೆ ಬೀಳುವುದು ಕಡಿಮೆ ಅಷ್ಟೇ.

ಕಳೆದ ನವೆಂಬರಿನಲ್ಲಿ ಶಿರಸಿಯಿಂದ ಭಾವ ಬಂದಿದ್ದರು. ಮೂರು ವರ್ಷದ ಕಪ್ಪು ಕಾರು, ದೂರದಿಂದ ನೋಡಿದರೆ ಬೂದಿ ಸವರಿದ ಹಾಗಿತ್ತು. "ದೇವಿಮನೆ ಘಾಟಿ ಧೂಳು ಹೀಗೆ ಮಾಡ್ತು ಮಾರಾಯ" ಅಂದರು. "ಭಾವ, ದಿನಾ ಬೆಳಿಗ್ಗೆ ಗಾಡಿ ಒರೆಸ್ತೀರಲ್ಲ, ಯಾವ ಬಟ್ಟೇಲಿ?" ಅಂತ ಕೇಳಿದೆ. "ಹಳೇ ಪಂಚೆ. ಹತ್ತಿ, ಮೆತ್ತಗಿದೆ." ಅಲ್ಲೇ ಇರೋದು ವಿಷಯ. ಧೂಳು ಸುಮ್ನೆ ಕೂತಿದ್ದರೆ ಗೀರು ಬೀಳುವುದಿಲ್ಲ. ಅದನ್ನು ಒಣ ಬಟ್ಟೆಯಲ್ಲಿ ಒತ್ತಿ ಎಳೆದಾಗ ಬೀಳುತ್ತದೆ. ಕಡಲ ಮರಳು ಬಹುಪಾಲು ಸ್ಫಟಿಕದ ಕಲ್ಲು, ಕಾರಿನ ಪೇಂಟಿಗಿಂತ ಎಷ್ಟೋ ಗಟ್ಟಿ. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರ ಕೆಳಗೆ ಒಂದು ಕಾಳು ಸಿಕ್ಕಿದರೆ ಸಾಕು, ಆ ಬಟ್ಟೆ ಉಪ್ಪುಕಾಗದದ ಕೆಲಸ ಮಾಡುತ್ತದೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಒರೆಸುವ ರೂಢಿ ಬದಲಾಯಿಸದೆ ಪಾಲಿಶ್ ಮಾಡಬೇಡಿ. ಎರಡು ದಿನ ಬೆವರು ಸುರಿಸಿ ತೆಗೆದ ಗೀರು ಎರಡು ತಿಂಗಳಲ್ಲಿ ವಾಪಸ್ ಬರುತ್ತದೆ. ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಮೇಲಿನ ಪದರ ಸ್ವಲ್ಪ ಸವೆಯುತ್ತದೆ. ಸವೆದದ್ದು ತಿರುಗಿ ಬರುವುದಿಲ್ಲ.

ಗೀರು ಎಲ್ಲಿದೆ, ಎಷ್ಟು ಆಳ

ಈಗಿನ ಕಾರುಗಳಲ್ಲಿ ಲೋಹದ ಮೇಲೆ ಪ್ರೈಮರ್ ಅನ್ನುವ ಅಡಿಪದರ, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇರುತ್ತದೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಮಾತ್ರ, ತಲೆಕೂದಲಿಗಿಂತ ತೆಳು. ಸುತ್ತು ಗೀರು ಇರುವುದು ಈ ಪದರದ ಮೇಲ್ಮೈಯಲ್ಲಿ, ಒಂದೆರಡು ಮೈಕ್ರಾನ್ ಆಳದಲ್ಲಿ. ಪಾಲಿಶ್ ಅಂದರೆ ಗೀರನ್ನು ತುಂಬಿಸುವುದಲ್ಲ. ಗೀರಿನ ಸುತ್ತಲಿನ ಮಟ್ಟವನ್ನೇ ಕೂದಲೆಳೆಯಷ್ಟೂ ಅಲ್ಲದಷ್ಟು ಇಳಿಸಿ ಸಮ ಮಾಡುವುದು.

ಮೊಬೈಲ್ ಟಾರ್ಚ್ ಹಚ್ಚಿ ಬಾನೆಟ್ ಹತ್ತಿರ ಹಿಡಿಯಿರಿ. ಬೆಳಕಿನ ಸುತ್ತ ಉಂಗುರ ಉಂಗುರವಾಗಿ ಗೀರು ಕಾಣುತ್ತದೆ. ಈಗ ಟಾರ್ಚನ್ನು ಒಂದಡಿ ಪಕ್ಕಕ್ಕೆ ಸರಿಸಿ. ಉಂಗುರವೂ ಜೊತೆಗೇ ಸರಿಯುತ್ತದೆ! ಅಂದರೆ ಗೀರುಗಳು ನಿಜಕ್ಕೂ ಸುತ್ತಿನಲ್ಲಿಲ್ಲ, ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿ ಇವೆ. ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುವುದರಿಂದ ಸುತ್ತಿನ ಹಾಗೆ ಕಾಣುತ್ತದೆ. ನಾವು ಗುಂಡಗೆ ಒರೆಸಿದ್ದಕ್ಕೆ ಗುಂಡಗೆ ಗೀರು ಬಿತ್ತು ಅನ್ನುವುದು ಪೂರ್ತಿ ಸರಿಯಲ್ಲ. ನೇರಕ್ಕೆ ಒರೆಸಿದರೂ ಬೀಳುತ್ತದೆ.

ಆಮೇಲೆ ಉಗುರಿನ ಪರೀಕ್ಷೆ. ಗೀರಿನ ಮೇಲೆ ಅಡ್ಡಲಾಗಿ ಉಗುರನ್ನು ಮೆಲ್ಲಗೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಆ ಗೀರು ಆಳದ್ದು, ಪಾಲಿಶಿಗೆ ಪೂರ್ತಿ ಹೋಗುವುದಿಲ್ಲ, ಹೋಗಿಸಲು ಹಟ ಹಿಡಿಯಲೂಬೇಡಿ. ಒಳಗಿನ ಬಿಳಿ ಪ್ರೈಮರ್ ಅಥವಾ ಲೋಹ ಕಂಡರೆ ಟಚ್‌ಅಪ್ ಪೇಂಟ್ ಬೇಕು. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅಂಥ ಜಾಗ ಬಹಳ ಬೇಗ ತುಕ್ಕು ಹಿಡಿಯುತ್ತದೆ, ಅದನ್ನು ಮೊದಲು ಮುಚ್ಚಿಸಿ.

ತುಂಬ ಹಳೆಯ ಗಾಡಿಯಾದರೆ ಇನ್ನೊಂದು ನೋಡಿ. ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಾಕಿ ಮೂಲೆಯಲ್ಲೆಲ್ಲೋ ಉಜ್ಜಿ. ಬಟ್ಟೆಗೆ ಗಾಡಿಯ ಬಣ್ಣವೇ ಬಂದರೆ ಕ್ಲಿಯರ್ ಕೋಟ್ ಇಲ್ಲದ ಪೇಂಟ್ ಅಥವಾ ಕ್ಲಿಯರ್ ಕೋಟ್ ಸವೆದು ಹೋದ ಜಾಗ ಅಂತ ಅರ್ಥ. ಮ್ಯಾಟ್ ಫಿನಿಶ್ ಅಂದರೆ ಹೊಳಪಿಲ್ಲದ ಪೇಂಟಿನ ಗಾಡಿಗೆ ಪಾಲಿಶ್ ಬೇಡವೇ ಬೇಡ.

ತೊಳೆಯುವುದೇ ಅರ್ಧ ಕೆಲಸ

ಯಾವಾಗ ಮಾಡಬೇಕು? ಇಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನನ್ನ ಲೆಕ್ಕದಲ್ಲಿ ನವೆಂಬರಿಂದ ಫೆಬ್ರವರಿ ಒಳ್ಳೆಯ ಕಾಲ. ಶೆಡ್ ಅಥವಾ ಚಪ್ಪರದ ನೆರಳು ಬೇಕು. ತೆಂಗಿನ ಮರದ ಕೆಳಗೆ ಬೇಡ, ಮೇಲಿಂದ ಏನು ಬೀಳುತ್ತದೆ ಅಂತ ನಿಮಗೇ ಗೊತ್ತು. ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು, ಓಡಿಸಿ ಬಂದ ಕೂಡಲೇ ಶುರು ಮಾಡಬೇಡಿ.

ಮೊದಲು ಬರೀ ನೀರು. ಕೈ ಹಚ್ಚದೆ, ಬಟ್ಟೆ ಹಚ್ಚದೆ, ಪೈಪಿನಲ್ಲಿ ಮೇಲಿನಿಂದ ಕೆಳಗೆ ಐದಾರು ನಿಮಿಷ ಬಿಡಿ. ಉಪ್ಪು ಕರಗಿ ಹೋಗುತ್ತದೆ, ಕೆಂಪು ಮಣ್ಣು ಮೆತ್ತಗಾಗಿ ಇಳಿಯುತ್ತದೆ. ಚಕ್ರದ ಕಮಾನಿನ ಒಳಗೆ, ಬಾಗಿಲಿನ ಕೆಳ ಅಂಚಿಗೆ ಜಾಸ್ತಿ ಹೊಡೆಯಿರಿ. ಕಡಲಿನ, ಕಾಳಿ ನದಿ ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ನೀರು ಸವಳಾಗುತ್ತದೆ. ಆ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಕೂತುಬಿಡುತ್ತದೆ. ಅಂಥ ಕಡೆ ಕೊನೆಯ ಎರಡು ಬಕೆಟ್ ಆದರೂ ಸಿಹಿನೀರು ಬಳಸಿ. ಈಗಾಗಲೇ ಚುಕ್ಕೆ ಬಿದ್ದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ನೆನೆಸಿ ಒಂದು ನಿಮಿಷ ಇಟ್ಟು, ಮೆಲ್ಲಗೆ ತೆಗೆದು, ತಕ್ಷಣ ನೀರು ಹಾಕಿ.

ಎರಡು ಬಕೆಟ್ ಇಡಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಪ್ಯಾನೆಲ್ (ಬಾಗಿಲು, ಬಾನೆಟ್ ಹೀಗೆ ಬಾಡಿಯ ಒಂದೊಂದು ಭಾಗ) ತೊಳೆಯಿರಿ, ಬರೀ ನೀರಿನ ಬಕೆಟ್‌ನಲ್ಲಿ ಜಾಲಾಡಿಸಿ, ಆಮೇಲೆ ಮತ್ತೆ ಶಾಂಪೂವಿಗೆ. ಕೆಲಸ ಮುಗಿದ ಮೇಲೆ ನೀರಿನ ಬಕೆಟ್ ತಳ ನೋಡಿ. ಬೆರಳಿಗೆ ಸಿಗುವಷ್ಟು ಮರಳು ಕೂತಿರುತ್ತದೆ. ಒಂದೇ ಬಕೆಟ್ ಇದ್ದಿದ್ದರೆ ಅದಷ್ಟನ್ನೂ ತಿರುಗಿ ಗಾಡಿ ಮೇಲೇ ಉಜ್ಜುತ್ತಿದ್ದಿರಿ. ರೂಫ್‌ನಿಂದ ಶುರು ಮಾಡಿ, ಬಂಪರ್ ಮತ್ತು ಬಾಗಿಲಿನ ಕೆಳಭಾಗ ಕೊನೆಗೆ. ಚಕ್ರಕ್ಕೆ ಬೇರೆ ಬಟ್ಟೆ, ಬೇರೆ ಬಕೆಟ್.

ಪಾತ್ರೆ ತೊಳೆಯುವ ಸೋಪು, ಬಟ್ಟೆ ಪುಡಿ ದಿನದ ಬಳಕೆಗೆ ಬೇಡ, ಇರುವ ವ್ಯಾಕ್ಸನ್ನೂ ಎಬ್ಬಿಸಿಬಿಡುತ್ತದೆ. ತೆಂಗಿನ ನಾರು, ಬ್ರಷ್, ಅಂಗಡಿಯಲ್ಲಿ ಸಿಗುವ ತೆಳು ಹಳದಿ ಬಟ್ಟೆ ಯಾವುದೂ ಪೇಂಟಿಗೆ ಮುಟ್ಟಬಾರದು. ಸೀಮೆಎಣ್ಣೆ, ತೆಂಗಿನೆಣ್ಣೆ ಹಚ್ಚಿ ಹೊಳಪು ಬಂತು ಅನ್ನುವವರು ಇನ್ನೂ ಇದ್ದಾರೆ. ಎಣ್ಣೆ ಗೀರಿನೊಳಗೆ ಕೂತು ಎರಡು ದಿನ ಮರೆಮಾಚುತ್ತದೆ, ಮೂರನೇ ದಿನ ಅದಕ್ಕೆ ಧೂಳು ಅಂಟುತ್ತದೆ. ಟೂತ್‌ಪೇಸ್ಟ್ ಕೂಡ ಬೇಡ. ಅದು ಹಲ್ಲಿಗೆ ಮಾಡಿದ್ದು.

ಒಣಗಿಸಲು 800 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಬಟ್ಟೆಯ ತೂಕ) ಆಸುಪಾಸಿನ ದಪ್ಪ ಮೈಕ್ರೋಫೈಬರ್ ಟವೆಲ್ ತಗೊಳ್ಳಿ. ಟವೆಲ್ ಹಾಸಿ, ಮೇಲಿಂದ ಮೆಲ್ಲಗೆ ತಟ್ಟಿ, ಎತ್ತಿ. ಎಳೆದು ಉಜ್ಜಬೇಡಿ.

ಈಗ ಒಂದು ತೆಳು ಪ್ಲಾಸ್ಟಿಕ್ ಕವರ್‌ನಲ್ಲಿ ಕೈ ಹಾಕಿ ಬಾನೆಟ್ ಮೇಲೆ ಸವರಿ ನೋಡಿ. ಕಣ್ಣಿಗೆ ಸ್ವಚ್ಛ ಕಂಡರೂ ಕೈಗೆ ರವೆ ಸವರಿದ ಹಾಗೆ ಚುರುಚುರು ಅನ್ನುತ್ತದೆ. ಅದು ಬ್ರೇಕಿನ ಲೋಹದ ಪುಡಿ, ಡಾಂಬರಿನ ಕಣ, ಮರದ ಅಂಟು, ಇಲ್ಲಿನ ಶಿರವಾಡ ರೈಲ್ವೆ ಸ್ಟೇಷನ್ನಿನಲ್ಲಿ ದಿನಗಟ್ಟಲೆ ನಿಲ್ಲಿಸಿದ್ದರೆ ರೈಲು ಹಳಿಯ ಕಬ್ಬಿಣದ ಪುಡಿ. ತೊಳೆದರೆ ಹೋಗುವುದಿಲ್ಲ. ಐರನ್ ರಿಮೂವರ್ ಸ್ಪ್ರೇ ಹೊಡೆದರೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣ ಇಳಿಯುತ್ತದೆ, ಒಣಗುವ ಮೊದಲೇ ನೀರು ಬಿಡಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಪೇಂಟಿಗೆ ಅಂಟಿದ ಕಣ ಎಳೆದು ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ. ಅದನ್ನು ಚಪಾತಿ ಹಿಟ್ಟಿನ ಹಾಗೆ ತಟ್ಟಿ ಚಪ್ಪಟೆ ಮಾಡಿ, ಪೇಂಟಿಗೆ ಜಾರು ದ್ರವ ಧಾರಾಳವಾಗಿ ಹೊಡೆದು, ಭಾರ ಹಾಕದೆ ಆಚೀಚೆ ಜಾರಿಸಿ. ಮೊದಲು ತಡೆಯುತ್ತದೆ, ನಿಧಾನಕ್ಕೆ ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತದೆ. ಕ್ಲೇ ಮುಖ ಕಪ್ಪಾದಾಗ ಮಡಚಿ ಹೊಸ ಮುಖ ತೆಗೆಯಿರಿ. ನೆಲಕ್ಕೆ ಬಿದ್ದರೆ ಎಸೆದುಬಿಡಿ, ಚೂರು ಉಳಿಸಲು ಹೋಗಿ ಪೂರ್ತಿ ಬಾಗಿಲು ಗೀರಿಸಿಕೊಳ್ಳಬೇಡಿ.

ಮಷೀನು, ಪ್ಯಾಡು, ಪಾಲಿಶು

ಕೈಯಲ್ಲೇ ಮಾಡಬಹುದಾ? ಒಂದು ಪ್ಯಾನೆಲ್‌ನಲ್ಲಿ ತೀರಾ ಸಣ್ಣ ಗೀರಿದ್ದರೆ ಮಾಡಬಹುದು, ಸುಮಾರು ಕಡಿಮೆಯಾಗುತ್ತದೆ. ಇಡೀ ಗಾಡಿಗೆ ಕೈ ಸಾಲುವುದಿಲ್ಲ, ಒತ್ತಡವೂ ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ.

ಮಷೀನಿನಲ್ಲಿ ಎರಡು ಬಗೆ. ರೋಟರಿ ಒಂದೇ ಕಡೆ ಗಿರ್ರನೆ ತಿರುಗುತ್ತದೆ. ಬೇಗ ಕೊರೆಯುತ್ತದೆ, ಬೇಗ ಬಿಸಿಯಾಗುತ್ತದೆ, ಒಂದೇ ಜಾಗದಲ್ಲಿ ಎರಡು ಸೆಕೆಂಡ್ ಜಾಸ್ತಿ ನಿಂತರೆ ಪೇಂಟ್ ಸುಡುತ್ತದೆ. ನನ್ನ ಮೊದಲ ಕಾರನ್ನು ಒಂದು ಅಂಗಡಿಯಲ್ಲಿ ರೋಟರಿಯಲ್ಲಿ ಮಾಡಿಸಿದ್ದೆ. ಮನೆಗೆ ತರುವಾಗ ಕನ್ನಡಿ ಹಾಗಿತ್ತು. ನಾಲ್ಕು ಸಲ ತೊಳೆದ ಮೇಲೆ ತುಂಬಿಸಿದ್ದ ಎಣ್ಣೆ ಹೋಗಿ, ಬಿಸಿಲಲ್ಲಿ ಅಲೆ ಅಲೆಯಾಗಿ ಪಟ್ಟೆ ಕಂಡಿತು. ಆ ಪಟ್ಟೆಗೆ ಹಾಲೋಗ್ರಾಮ್ ಅನ್ನುತ್ತಾರೆ. ಬಹಳ ಬೇಜಾರಾಯಿತು. ಇದನ್ನೆಲ್ಲ ಕಲಿಯಲು ಶುರು ಮಾಡಿದ್ದು ಅದರಿಂದಲೇ. ಮನೆಯಲ್ಲಿ ಮಾಡುವವರು ಡ್ಯುಯಲ್ ಆಕ್ಷನ್ ಅಂದರೆ ಡಿಎ ಪಾಲಿಶರ್ ತಗೊಳ್ಳಿ. ಅದು ತಿರುಗುತ್ತಲೇ ಆಚೀಚೆ ಅಲುಗುತ್ತದೆ. ನಿಧಾನ, ಆದರೆ ತಪ್ಪು ಮಾಡಿದರೂ ಗಾಡಿ ಉಳಿಯುತ್ತದೆ.

ಮಷೀನಿನ ಮುಖಕ್ಕೆ ಅಂಟಿಸುವ ಫೋಮ್ ಪ್ಯಾಡ್ ಕನಿಷ್ಠ ಐದು ಬೇಕು: ಮೂರು ಮಧ್ಯಮ, ಎರಡು ಮೆತ್ತಗಿನವು. ಕಂಪನಿಗೊಂದು ಬಣ್ಣ ಇರುವುದರಿಂದ ಬಣ್ಣ ನೋಡಿ ಕೊಳ್ಳಬೇಡಿ, ಮೇಲೆ ಬರೆದದ್ದು ಓದಿ. ದ್ರವದಲ್ಲಿ ಕಾಂಪೌಂಡ್ ಅಂದರೆ ಜಾಸ್ತಿ ಕೊರೆಯುವುದು, ಪಾಲಿಶ್ ಅಂದರೆ ನಯ ಮಾಡುವುದು. 3ಎಂ, ಮೆಗ್ವಾಯರ್ಸ್, ಮೆನ್ಜೆರ್ನಾ ಎಲ್ಲದರಲ್ಲೂ ಎರಡೂ ಸಿಗುತ್ತವೆ. ಯಾವುದಾದರೂ ಒಂದೇ ಕಂಪನಿಯ ಜೋಡಿ ತಗೊಂಡರೆ ತಲೆಬಿಸಿ ಇಲ್ಲ.

ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಲೋಗೋ ಎಲ್ಲಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಕಪ್ಪು ಪ್ಲಾಸ್ಟಿಕ್‌ಗೆ ಪಾಲಿಶ್ ತಾಗಿ ಒಣಗಿದರೆ ಬಿಳಿ ಕಲೆ ತೆಗೆಯುವುದೇ ಒಂದು ಕೆಲಸ. ಬಾಡಿಯ ಚೂಪು ಗೆರೆ, ಬಾಗಿಲಿನ ಅಂಚುಗಳ ಮೇಲೂ ಟೇಪ್ ಹಾಕಿ, ಅಲ್ಲಿ ಪೇಂಟ್ ತೆಳು ಇರುತ್ತದೆ, ಮಷೀನಿನ ಭಾರವೂ ಅಲ್ಲೇ ಬೀಳುತ್ತದೆ. ತೊಳೆದ ಅಂಗಳದ ನೀರು ಒಣಗಲಿ, ವೈರನ್ನು ಹೆಗಲ ಮೇಲೆ ಹಾಕಿಕೊಳ್ಳಿ. ಒದ್ದೆ ನೆಲದಲ್ಲಿ ಎಕ್ಸ್‌ಟೆನ್ಶನ್ ಬೋರ್ಡ್ ಇಡಲೇಬೇಡಿ.

ಈಗ ಬಾನೆಟ್ ಮೇಲೆ ಎರಡಡಿ ಚೌಕ ಟೇಪಿನಲ್ಲಿ ಗುರುತು ಮಾಡಿ. ಇದು ಪರೀಕ್ಷೆಯ ಜಾಗ, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಂದೊಂದು ಗಾಡಿಯ ಪೇಂಟ್ ಗಟ್ಟಿ, ಒಂದೊಂದರದ್ದು ಮೆತ್ತಗೆ. ಮೊದಲು ಮೆತ್ತಗಿನ ಪ್ಯಾಡ್ ಮತ್ತು ಪಾಲಿಶ್. ಗೀರು ಹೋಗಲಿಲ್ಲವೇ, ಮಧ್ಯಮ ಪ್ಯಾಡ್ ಮತ್ತು ಅದೇ ಪಾಲಿಶ್. ಆಗಲೂ ಹೋಗದಿದ್ದರೆ ಮಾತ್ರ ಮಧ್ಯಮ ಪ್ಯಾಡ್ ಮತ್ತು ಕಾಂಪೌಂಡ್. ಭಾವನ ಗಾಡಿ ಎರಡನೆಯದಕ್ಕೇ ಬಗ್ಗಿತು. ನಾನು ಮೊದಲೇ ಕಾಂಪೌಂಡ್ ಹಚ್ಚಿದ್ದರೆ ಸುಮ್ನೆ ಒಂದಿಷ್ಟು ಕ್ಲಿಯರ್ ಕೋಟ್ ಹಾಳಾಗುತ್ತಿತ್ತು.

ಪ್ಯಾಡಿಗೆ ಬಟಾಣಿ ಕಾಳಿನಷ್ಟು ದೊಡ್ಡ ನಾಲ್ಕು ಹನಿ ಸಾಕು. ಹೊಸ ಪ್ಯಾಡ್ ಆದರೆ ಮೊದಲ ಸಲ ಮುಖಪೂರ್ತಿ ತೆಳ್ಳಗೆ ಸವರಿಕೊಳ್ಳಿ. ಮಷೀನ್ ಆಫ್ ಇರುವಾಗಲೇ ಚೌಕದ ಮೇಲೆ ನಾಲ್ಕು ಕಡೆ ಒತ್ತಿ, ಆಮೇಲೆ ಒಂದನೇ ವೇಗದಲ್ಲಿ ಹರಡಿ. ಮಷೀನನ್ನು ಪೇಂಟಿನ ಮೇಲೆ ಇಟ್ಟ ಮೇಲೆಯೇ ಆನ್ ಮಾಡಬೇಕು, ಎತ್ತುವ ಮೊದಲೇ ಆಫ್ ಮಾಡಬೇಕು. ಮರೆತರೆ ಶೆಡ್ಡಿನ ಗೋಡೆಗೆಲ್ಲ ಪಾಲಿಶ್ ಹಾರುತ್ತದೆ. ಆಮೇಲೆ ನಾಲ್ಕು ಅಥವಾ ಐದನೇ ವೇಗಕ್ಕೆ ಏರಿಸಿ, ಸೆಕೆಂಡಿಗೆ ಒಂದಿಂಚಿನಷ್ಟು ನಿಧಾನವಾಗಿ, ಎಡದಿಂದ ಬಲಕ್ಕೆ ಒಂದು ಸಾಲು, ಅದರ ಅರ್ಧ ಮುಚ್ಚುವ ಹಾಗೆ ಮುಂದಿನ ಸಾಲು. ಚೌಕ ಮುಗಿದ ಮೇಲೆ ಮೇಲಿಂದ ಕೆಳಕ್ಕೆ ಅದೇ ರೀತಿ. ಹೀಗೆ ನಾಲ್ಕರಿಂದ ಆರು ಸುತ್ತು. ಎಲ್ಲರೂ ಮಾಡುವ ತಪ್ಪು ಅಂದರೆ ಕೈ ಬೇಗ ಓಡಿಸುವುದು. ನಿಮಗೆ ಬೇಸರ ಬರುವಷ್ಟು ನಿಧಾನ ಹೋಗಿ.

ಒತ್ತಡ ಎಷ್ಟು ಅಂತ ಬಾಯಲ್ಲಿ ಹೇಳುವುದು ಕಷ್ಟ, ಅದಕ್ಕೊಂದು ಉಪಾಯ ಇದೆ. ಪ್ಯಾಡ್ ಅಂಟುವ ತಟ್ಟೆಯ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಕೆಲಸ ಮಾಡುವಾಗ ಆ ಗೆರೆ ತಿರುಗುತ್ತಿರುವುದು ಕಾಣಬೇಕು. ನಿಂತುಬಿಟ್ಟರೆ ನೀವು ಜಾಸ್ತಿ ಒತ್ತುತ್ತಿದ್ದೀರಿ, ಅಥವಾ ಪ್ಯಾಡ್ ಓರೆಯಾಗಿದೆ. ಪ್ಯಾಡ್ ಬರೀ ಅಲುಗಿದರೆ ಗೀರು ಹೋಗುವುದಿಲ್ಲ.

ಚೌಕ ಮುಗಿದಾಗ ಪಾಲಿಶ್ ತೆಳು ಎಣ್ಣೆಯ ಪೊರೆಯ ಹಾಗೆ ಉಳಿಯುತ್ತದೆ. 350 ಜಿಎಸ್‌ಎಂ ಆಸುಪಾಸಿನ ಮೈಕ್ರೋಫೈಬರ್‌ನಲ್ಲಿ ಮೆಲ್ಲಗೆ ಒರೆಸಿ. ಈಗಲೇ ಖುಷಿಪಡಬೇಡಿ. ಪಾಲಿಶಿನ ಎಣ್ಣೆ ಗೀರನ್ನು ಮುಚ್ಚಿಟ್ಟಿರಬಹುದು. ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲಿಗೆ ನಾಲ್ಕೈದು ಪಾಲು ನೀರು ಬೆರೆಸಿ ಸ್ಪ್ರೇ ಮಾಡಿ ಒರೆಸಿ, ಆಮೇಲೆ ಟಾರ್ಚ್ ಹಿಡಿಯಿರಿ. ಟೇಪಿನ ಆಚೆ ಬಲೆ, ಈಚೆ ಬರೀ ಬೆಳಕಿನ ಒಂದು ಬಿಂದು. ಭಾವ ಮಂಡಿಯೂರಿ ಕೂತು, ಟೇಪಿನ ಆಚೆ ಒಮ್ಮೆ ಈಚೆ ಒಮ್ಮೆ ಟಾರ್ಚ್ ಆಡಿಸುತ್ತಾ ಹತ್ತು ನಿಮಿಷ ನೋಡಿದರು.

ಪ್ರತಿ ಚೌಕ ಆದ ಮೇಲೆ ಪ್ಯಾಡನ್ನು ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ ಸವೆದ ಪೇಂಟ್ ತೆಗೆಯಿರಿ. ಎರಡು ಮೂರು ಪ್ಯಾನೆಲ್‌ಗೆ ಪ್ಯಾಡ್ ಬದಲಿಸಿ. ಆಗಾಗ ಪೇಂಟಿಗೆ ಅಂಗೈ ಇಟ್ಟು ನೋಡಿ, ಉಗುರು ಬೆಚ್ಚಗಿದ್ದರೆ ಸರಿ, ಕೈ ಹಿಂದೆ ತೆಗೆಯುವಷ್ಟು ಬಿಸಿಯಾದರೆ ನಿಲ್ಲಿಸಿ. ಬಂಪರ್‌ನಲ್ಲಿ ಇನ್ನೂ ಹುಷಾರು, ಪ್ಲಾಸ್ಟಿಕ್ ಆದ್ದರಿಂದ ಬಿಸಿ ಬೇಗ ಆರುವುದಿಲ್ಲ. ಕಾಂಪೌಂಡ್ ಬಳಸಿದ್ದರೆ ಕೊನೆಗೆ ಮೆತ್ತಗಿನ ಪ್ಯಾಡ್ ಮತ್ತು ಪಾಲಿಶ್‌ನಲ್ಲಿ ಇನ್ನೊಂದು ಸುತ್ತು ಬೇಕು, ಇಲ್ಲದಿದ್ದರೆ ಮಂಕು ಮಂಕಾಗಿ ಕಾಣುತ್ತದೆ. ಮೊದಲ ಸಲ ಇಡೀ ಗಾಡಿಗೆ ಎಂಟು ಹತ್ತು ತಾಸು ಹಿಡಿಯುತ್ತದೆ. ಶನಿವಾರ ಬಾನೆಟ್ ಮತ್ತು ರೂಫ್, ಭಾನುವಾರ ಉಳಿದದ್ದು ಅಂತ ಇಟ್ಟುಕೊಳ್ಳಿ. ಎಲ್ಲ ಗೀರೂ ಹೋಗಲೇಬೇಕು ಅಂತಿಲ್ಲ. ನೂರಕ್ಕೆ ಎಂಬತ್ತು ಹೋದರೆ ಗಾಡಿ ಹೊಸದರ ಹಾಗೇ ಕಾಣುತ್ತದೆ, ಉಳಿದ ಇಪ್ಪತ್ತಕ್ಕಾಗಿ ಪೇಂಟ್ ಸವೆಸುವುದು ನನಗೆ ಸರಿ ಕಾಣುವುದಿಲ್ಲ.

ಮಾಡಿದ್ದು ಉಳಿಯಬೇಕಲ್ಲ

ಪಾಲಿಶ್ ಮಾಡಿದ ಪೇಂಟ್ ಬರಿಮೈ ಇದ್ದ ಹಾಗೆ. ಅದೇ ದಿನ ಮೇಲೆ ಏನಾದರೂ ಹಚ್ಚಿ. ಕಾರ್ನೂಬಾ ವ್ಯಾಕ್ಸ್ (ತಾಳೆ ಜಾತಿಯ ಮರದ ಎಲೆಯ ಮೇಣ) ಒಳ್ಳೆಯ ಹೊಳಪು ಕೊಡುತ್ತದೆ, ಆದರೆ ನಮ್ಮ ಮಳೆಗೆ ಒಂದೆರಡು ತಿಂಗಳಷ್ಟೇ. ಸಿಂಥೆಟಿಕ್ ಸೀಲಂಟ್, ಅಂದರೆ ಪೇಂಟನ್ನು ಕಾಯುವ ಕೃತಕ ಲೇಪ, ನಾಲ್ಕಾರು ತಿಂಗಳು ಬರುತ್ತದೆ, ಕರಾವಳಿಗೆ ನಾನು ಹೇಳುವುದು ಇದನ್ನೇ. ಸೆರಾಮಿಕ್ ಕೋಟಿಂಗ್ ವರ್ಷಗಟ್ಟಲೆ ಬಾಳುತ್ತದೆ, ಆದರೆ ಹಚ್ಚುವಾಗ ಒರೆಸುವುದು ತಡವಾದರೆ ಕಲೆ ಗಟ್ಟಿಯಾಗಿ ಕೂರುತ್ತದೆ, ತೆಗೆಯಲು ಮತ್ತೆ ಪಾಲಿಶ್ ಮಾಡಬೇಕು. ಮೊದಲ ಸಲದವರಿಗೆ ಬೇಡ. ಯಾವುದೇ ಆಗಲಿ, ಸುತ್ತು ಗೀರು ಬೀಳದ ಹಾಗೆ ಅದು ತಡೆಯುತ್ತದೆ ಅಂತ ನಂಬಿ ಮತ್ತೆ ಒಣ ಪಂಚೆ ಹಿಡಿಯಬೇಡಿ. ಪ್ಯಾನೆಲ್ ಹೊಸದಾಗಿ ಪೇಂಟ್ ಮಾಡಿಸಿದ್ದರೆ ಒಂದೆರಡು ತಿಂಗಳು ಇವ್ಯಾವುದನ್ನೂ ಹಚ್ಚದೆ ಒಣಗಲು ಬಿಡಿ.

ಮಳೆ ಶುರುವಾದ ಮೇಲೆ ಬಾನೆಟ್ ಮೇಲೆ ನೀರು ಹೇಗೆ ನಿಲ್ಲುತ್ತದೆ ನೋಡುತ್ತಿರಿ. ಕೆಸುವಿನ ಎಲೆ ಮೇಲಿನ ಹಾಗೆ ಮುತ್ತು ಮುತ್ತಾಗಿ ಉರುಳಿದರೆ ಸೀಲಂಟ್ ಇದೆ. ಹಾಳೆಯ ಹಾಗೆ ಚಪ್ಪಟೆ ಹರಡಿದರೆ ಮುಗಿದಿದೆ. ಒಂದು ದಿನ ಮಳೆ ಬಿಟ್ಟಾಗ ತೊಳೆದು, ಒಣಗಿಸಿ, ಸ್ಪ್ರೇ ಸೀಲಂಟ್ ಹೊಡೆದರೆ ಸಾಕು, ಮಷೀನ್ ಬೇಡ.

ಹಕ್ಕಿ ಹಿಕ್ಕೆ, ಹಲಸಿನ ಮೇಣ ಬಿದ್ದರೆ ಅದೇ ದಿನ ತೆಗೆಯಿರಿ, ಕೆರೆಯದೆ, ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿಟ್ಟು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಗಾಡಿಗಳೆಲ್ಲ ಧೂಳಲ್ಲಿ ಮುಳುಗಿರುತ್ತವೆ, ಮಕ್ಕಳು ಹಿಂದಿನ ಗಾಜಿನ ಕೆಳಗೆ ಬೆರಳಲ್ಲಿ ಹೆಸರು ಬರೆಯುತ್ತಾರೆ. ಆ ಹೆಸರು ತೊಳೆದ ಮೇಲೂ ಬಿಸಿಲಲ್ಲಿ ಓದಬಹುದು. ಅವರಿಗೆ ಬೈಯಬೇಡಿ, ಟಾರ್ಚ್ ಹಿಡಿದು ತೋರಿಸಿ, ಅವರೇ ಮುಂದಿನ ಸಲ ಬೇರೆಯವರನ್ನು ತಡೆಯುತ್ತಾರೆ.

ಕೊನೆಗೆ ಬಟ್ಟೆಗಳು. ಮೈಕ್ರೋಫೈಬರ್ ಅನ್ನು ಮನೆಯ ಹತ್ತಿ ಬಟ್ಟೆ ಜೊತೆ ಮಷೀನಿಗೆ ಹಾಕಬೇಡಿ, ನೂಲಿನ ಚೂರೆಲ್ಲ ಹಿಡಿದುಕೊಳ್ಳುತ್ತದೆ. ಉಗುರು ಬೆಚ್ಚಗಿನ ನೀರು, ದ್ರವದ ಸೋಪು, ಕಂಫರ್ಟ್ ತರಹದ್ದು ಏನೂ ಬೇಡ. ಅಂಗಳದ ತಂತಿಗೆ ಹಾಕಿದರೆ ಕಡಲಗಾಳಿಗೆ ಮರಳು ಕೂರುತ್ತದೆ, ಒಳಗೆ ನೆರಳಲ್ಲಿ ಒಣಗಿಸಿ, ಜಿಪ್ ಕವರ್‌ನಲ್ಲಿ ಕಟ್ಟಿಡಿ. ಒಮ್ಮೆ ನೆಲಕ್ಕೆ ಬಿದ್ದದ್ದು ಚಕ್ರಕ್ಕೆ. ಭಾವನ ಡಿಕ್ಕಿಯಲ್ಲಿ ಈಗ ಅಂಥ ಮೂರು ಕವರ್ ಇವೆ, ಪೇಂಟಿಗೆ, ಗಾಜಿಗೆ, ಚಕ್ರಕ್ಕೆ ಅಂತ ಅಕ್ಕನೇ ಹೆಸರು ಬರೆದು ಅಂಟಿಸಿದ್ದಾಳೆ.